ಪರಿಗ್ರಹ ಪರಿಮಾಣ ವ್ರತವೂ ಬಾಡಿಗೆಯ ಮನೆಗಳೂ

ಶ್ರಾವಕನ ಐದು ಅಣುವ್ರತಗಳಲ್ಲಿ ಮೊದಲಿನ ನಾಲ್ಕನ್ನು ಕುರಿತ ಉಪದೇಶವನ್ನು ಜನರು ತಲೆದೂಗಿ ಕೇಳುವರು. ಐದನೆಯದಾದ ಪರಿಗ್ರಹ ಪರಿಮಾಣದ ಪ್ರಸ್ತಾಪ ಬಂದೊಡನೆ ಸಭೆಯಲ್ಲಿ ಒಂದು ಬಗೆಯ ಮೌನವು ಕವಿಯುವುದುಂಟು. ಇದಕ್ಕೆ ಕಾರಣವಿಲ್ಲದಿಲ್ಲ. ಅಷ್ಟಮಿಯ ಉಪವಾಸವು ಎಷ್ಟೇ ಕಠಿಣವಾದರೂ ನವಮಿಯಂದು ಪಾರಣೆಯುಂಟು. ಆಸ್ತಿಗೆ ಹಾಕಿಕೊಂಡ ಮಿತಿಗೆ ಪಾರಣೆಯ ದಿನವಿಲ್ಲ. ಅದು ಬದುಕಿರುವವರೆಗೆ ನಡೆಯತಕ್ಕ ಉಪವಾಸ. ಹೊಟ್ಟೆಯ ಹಸಿವನ್ನು ಒಂದು ದಿನ ತಡೆದವನನ್ನು ಊರೆಲ್ಲ ಕ್ಷೇಮ ವಿಚಾರಿಸುತ್ತದೆ. ಕೊಳ್ಳಬಹುದಾಗಿದ್ದ ಮನೆಯನ್ನು ಕೊಳ್ಳದೆ ಬಿಟ್ಟವನನ್ನು ಮನೆಯವರೇ ಮರುಳನೆನ್ನುವರು.

ಬಾಹ್ಯ ಪರಿಗ್ರಹಗಳು ಹತ್ತು. ಅವುಗಳ ಎಣಿಕೆ ಕ್ಷೇತ್ರ ಮತ್ತು ವಾಸ್ತುಗಳಿಂದ ಮೊದಲಾಗುತ್ತದೆ. ಹಿರಣ್ಯ ಸುವರ್ಣಗಳು ಆಮೇಲೆ ಬರುತ್ತವೆ. ಕ್ಷೇತ್ರವೆಂದರೆ ಹೊಲ ಗದ್ದೆ, ವಾಸ್ತುವೆಂದರೆ ಮನೆ. ಹಿಂದೆ ಹಳ್ಳಿಗಳಲ್ಲಿದ್ದ ನಮ್ಮ ಮನೆತನಗಳಿಗೆ ಕ್ಷೇತ್ರವೇ ದೊಡ್ಡ ಪರಿಗ್ರಹವಾಗಿತ್ತು. ಪಟ್ಟಣ ಸೇರಿದ ಮೇಲೆ ಆ ಸ್ಥಾನವನ್ನು ವಾಸ್ತು ಹಿಡಿಯಿತು. ಅಂಗಡಿಯಲ್ಲಿ ಉಳಿದ ಹಣ, ನಿವೃತ್ತಿಯಲ್ಲಿ ಬಂದ ಹಣ, ಊರಿನ ತೋಟ ಮಾರಿದ ಹಣ, ಇವೆಲ್ಲವೂ ಹರಿದು ಬಂದು ನಿಲ್ಲುವುದು ಒಂದು ನಿವೇಶನದಲ್ಲಿ. ನಿವೇಶನದ ಮೇಲೆ ಮನೆ, ಮನೆಯ ಮೇಲೆ ಮಹಡಿ, ಮಹಡಿಯಲ್ಲಿ ಬಾಡಿಗೆದಾರರು. ಕೈಸಾಲೆಗಿಂತ ಇದು ಭದ್ರ, ಚಿನ್ನದಂತೆ ಕಳ್ಳರ ಭಯವಿಲ್ಲ, ತಿಂಗಳು ಹುಟ್ಟಿದರೆ ಕೈಗೆ ಹಣ. ಹೀಗೆಂದು ಹೇಳುವವರ ಮಾತು ಸುಳ್ಳಲ್ಲ.

ಗೃಹಸ್ಥನು ಧನವನ್ನೇ ಮುಟ್ಟಬಾರದೆಂದು ಯಾವ ಆಚಾರ್ಯರೂ ಹೇಳಿಲ್ಲ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನಾಗತಕ್ಕವನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲು ಹೇಳುತ್ತಾರೆ. ಆದಿನಾಥ ಸ್ವಾಮಿಯು ಪ್ರಜೆಗಳಿಗೆ ಕಲಿಸಿದ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ವೃತ್ತಿಗಳಲ್ಲಿ ಬಾಡಿಗೆಯ ಹೆಸರು ಬೇರೆಯಾಗಿಲ್ಲ. ಅದನ್ನು ವಾಣಿಜ್ಯದಲ್ಲಿ ಸೇರಿಸುವುದು ಯುಕ್ತ. ಜೀವಹಿಂಸೆಯ ದೃಷ್ಟಿಯಿಂದ ನೋಡಿದರೆ ಅನೇಕ ವ್ಯಾಪಾರಗಳಿಗಿಂತ ಇದು ಹಗುರ. ವಿಧವೆಯಾದ ತಾಯಿಯೊಬ್ಬಳು ಮಕ್ಕಳ ಮುಂದೆ ಕೈಯೊಡ್ಡದೆ ಬಾಳುವುದು, ವೃದ್ಧ ದಂಪತಿಗಳು ಔಷಧಕ್ಕೂ ತೀರ್ಥಯಾತ್ರೆಗೂ ತಮ್ಮದೇ ಹಣವನ್ನು ಬಳಸುವುದು, ಮುನಿಸಂಘ ಊರಿಗೆ ಬಂದಾಗ ಆಹಾರದಾನಕ್ಕೆ ಹಿಂಜರಿಯದಿರುವುದು, ಇವೆಲ್ಲ ಮಹಡಿಯ ಮೇಲಿನ ಒಂದು ಬಾಡಿಗೆಯ ಮನೆಯಿಂದ ನಡೆದಿವೆ. ದತ್ತಿಗಳ ಮೂಲವೂ ಕ್ಷೇತ್ರ ವಾಸ್ತುಗಳೇ. ಹೊಯ್ಸಳರ ಭಂಡಾರಿ ಹುಳ್ಳನು 1159ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೆ ನರಸಿಂಹದೇವನು ಸವಣೇರು ಗ್ರಾಮವನ್ನು ಬಿಟ್ಟುಕೊಟ್ಟದ್ದು ಶಾಸನಸಿದ್ಧ. ಭೂಮಿಯೇ ಇಲ್ಲದಿದ್ದರೆ ದಾನವೆಲ್ಲಿಯದು?

ಆದುದರಿಂದ ಮನೆಯನ್ನು ಬಾಡಿಗೆಗೆ ಕೊಡಬಹುದೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಎಷ್ಟು ಮನೆ, ಯಾರ ಹಣದಿಂದ, ಯಾರ ಶ್ರಮದಿಂದ ಎಂಬುದೇ ಪ್ರಶ್ನೆ.

ತುಮಕೂರಿನ ಒಬ್ಬ ಶ್ರಾವಕನ ಸಂಗತಿಯು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಆತನಿಗೆ ಪಾತ್ರೆಯ ಅಂಗಡಿ, ವಯಸ್ಸು ಐವತ್ತಾರು. ಕೆಳಗೆ ತಾನಿದ್ದು ಮಹಡಿಯ ಎರಡು ಮನೆಗಳನ್ನು ತಿಂಗಳಿಗೆ 9,000 ರೂಪಾಯಿಗಳಂತೆ ಬಾಡಿಗೆಗೆ ಕೊಟ್ಟಿದ್ದನು. ಒಂದರಲ್ಲಿ ಬಸ್ಸಿನ ನಿರ್ವಾಹಕನ ಸಂಸಾರ, ಮತ್ತೊಂದರಲ್ಲಿ ಆಸ್ಪತ್ರೆಯ ದಾದಿಯೊಬ್ಬಳು ಮತ್ತು ಆಕೆಯ ತಾಯಿ. ಪಕ್ಕದ ಮನೆಯು 50 ಲಕ್ಷಕ್ಕೆ ಮಾರಾಟಕ್ಕೆ ಬಂದಿತು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಮಗನು ಲೆಕ್ಕ ಹಾಕಿ ಕಳುಹಿಸಿದನು: ಬ್ಯಾಂಕಿನ ಸಾಲ 30 ಲಕ್ಷ, ಮಹಡಿಯ ಎರಡು ಮನೆಗಳನ್ನೂ ಬಾಡಿಗೆಯಿಂದ ಬಿಡಿಸಿ ಎಂಟೆಂಟು ಲಕ್ಷಕ್ಕೆ ಭೋಗ್ಯಕ್ಕೆ ಹಾಕಿದರೆ 16 ಲಕ್ಷ, ಕೈಯಿಂದ 4 ಲಕ್ಷ. ಮನೆ ತಮ್ಮದಾಗುತ್ತದೆ. ಹತ್ತು ವರ್ಷಗಳಲ್ಲಿ ಬೆಲೆ ಎರಡರಷ್ಟಾಗುತ್ತದೆ. ಅದನ್ನು ತೋರಿಸಿ ಮತ್ತೊಂದು.

ಈ ಲೆಕ್ಕವನ್ನು ಇನ್ನೊಮ್ಮೆ ಹಾಕಿ ನೋಡುವುದು ತಪ್ಪಲ್ಲ. ಧರ್ಮಶ್ರವಣದ ನಡುವೆ ಅಂಕಿಗಳು ಬರಬಾರದೆಂಬ ನಿಯಮವೇನೂ ಇಲ್ಲ. 30 ಲಕ್ಷ ಸಾಲಕ್ಕೆ ಶೇಕಡಾ 8.5ರ ಬಡ್ಡಿಯಂತೆ ಇಪ್ಪತ್ತು ವರ್ಷಗಳ ಕಂತು ತಿಂಗಳಿಗೆ ಸುಮಾರು 26,000 ರೂಪಾಯಿ. ಒಟ್ಟು ಕಟ್ಟುವುದು 62 ಲಕ್ಷಕ್ಕೂ ಮೇಲೆ. ಅಂದರೆ ಬಡ್ಡಿಯೇ ಅಸಲನ್ನು ಮೀರಿತು. ಹೊಸ ಮನೆಯಿಂದ ಬರುವ ಬಾಡಿಗೆ 15,000 ಎಂದಿಟ್ಟುಕೊಂಡರೆ ವರ್ಷಕ್ಕೆ 1 ಲಕ್ಷ 80 ಸಾವಿರ, ಅಂದರೆ ಹಾಕಿದ ಹಣಕ್ಕೆ ಶೇಕಡಾ 3.6. ಇದರಲ್ಲಿ ಕಂದಾಯ ಕಳೆಯಬೇಕು, ಸುಣ್ಣಬಣ್ಣ ಕಳೆಯಬೇಕು, ಬಾಡಿಗೆದಾರ ಬಿಟ್ಟುಹೋಗಿ ಮನೆ ಖಾಲಿ ನಿಂತ ತಿಂಗಳುಗಳನ್ನು ಕಳೆಯಬೇಕು. ಏನನ್ನೂ ಕಳೆಯದಿದ್ದರೂ ಕಂತಿಗೆ ತಿಂಗಳಿಗೆ 11,000 ಕಡಿಮೆ ಬೀಳುತ್ತದೆ. ಭೋಗ್ಯಕ್ಕೆ ಹಾಕಿದ ಮನೆಗಳಿಂದ ಬರುತ್ತಿದ್ದ 18,000 ರೂಪಾಯಿಯಂತೂ ನಿಂತೇ ಹೋಯಿತು. ತಿಂಗಳಿಗೆ 29,000 ರೂಪಾಯಿಗಳ ಕೊರತೆಯನ್ನು ಪಾತ್ರೆಯ ಅಂಗಡಿಯೇ ತುಂಬಬೇಕು. ಇದಕ್ಕೆಲ್ಲ ಉತ್ತರವಾಗಿ ಇರುವುದು ಬೆಲೆ ಏರುತ್ತದೆಂಬ ಒಂದೇ ನಂಬಿಕೆ. ಏರಬಹುದು, ಅನೇಕ ಕಡೆ ಏರಿದ್ದೂ ಉಂಟು. ಏರಿದ ಬೆಲೆಯು ಮಾರಿದ ದಿನವಲ್ಲದೆ ಕೈಗೆ ಬರುವುದಿಲ್ಲ, ಮತ್ತೊಂದಕ್ಕೆ ಆಸೆಪಡುವವನು ಮಾರುವುದಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದನೆಯ ಪಾಪಕ್ಕೆ ದೃಷ್ಟಾಂತವಾಗಿ ಹೆಸರಿಸಿದವನು ಶ್ಮಶ್ರುನವನೀತ. ಅವನ ಕಥೆಯನ್ನು ಬಾಲ್ಯದಲ್ಲಿ ಕೇಳದ ಶ್ರಾವಕರು ವಿರಳ. ಗೊಲ್ಲರ ಮನೆಯಲ್ಲಿ ಮಜ್ಜಿಗೆ ಕುಡಿದಾಗ ಮೀಸೆಗೆ ಹತ್ತಿದ ಬೆಣ್ಣೆಯನ್ನು ಅವನು ದಿನದಿನವೂ ತೆಗೆದು ಕೂಡಿಟ್ಟನು. ಅದು ಒಂದು ಗಡಿಗೆ ತುಪ್ಪವಾಯಿತು. ಚಳಿಗಾಲದ ಒಂದು ರಾತ್ರಿ ಗಡಿಗೆಯನ್ನು ಕಾಲ ಬಳಿಯಿರಿಸಿ, ಬೆಂಕಿಯನ್ನು ಹತ್ತಿರ ಮಾಡಿಕೊಂಡು ಮಲಗಿ ಎಣಿಸತೊಡಗಿದನು: ಈ ತುಪ್ಪವನ್ನು ಮಾರಿ ವ್ಯಾಪಾರಿಯಾಗುವೆನು, ವ್ಯಾಪಾರದಿಂದ ಸಾಮಂತನಾಗುವೆನು, ಸಾಮಂತನಿಂದ ರಾಜನು, ರಾಜನಿಂದ ಚಕ್ರವರ್ತಿ. ಏಳುಪ್ಪರಿಗೆಯ ಮೇಲೆ ಮಲಗಿರುವಾಗ ರಾಣಿಯು ಕಾಲೊತ್ತುವಳು. ಒತ್ತಲು ಬಾರದೆಂದು ಅವಳನ್ನು ಹೀಗೆ ಒದೆಯುವೆನು. ಒದೆದನು. ಗಡಿಗೆ ಉರುಳಿ ತುಪ್ಪವು ಬೆಂಕಿಗೆ ಬಿದ್ದಿತು. ಗುಡಿಸಲಿನೊಡನೆ ಅವನೂ ಬೆಂದನು.

ಮಕ್ಕಳು ಈ ಕಥೆಗೆ ನಗುವರು. ದೊಡ್ಡವರು ಗಮನಿಸತಕ್ಕದ್ದು ಬೇರೊಂದುಂಟು. ಬೆಣ್ಣೆಯನ್ನು ಕೂಡಿಟ್ಟಾಗ ಅವನು ಯಾರಿಗೂ ಮೋಸಮಾಡಲಿಲ್ಲ; ಮಿತವ್ಯಯವನ್ನೇ ಮಾಡಿದನು. ಕೆಟ್ಟದ್ದು ಒಂದು ಗಡಿಗೆಯಿಂದ ಮುಂದಿನದನ್ನು, ಅದರಿಂದ ಅದರ ಮುಂದಿನದನ್ನು ಹುಟ್ಟಿಸಿದ ಎಣಿಕೆ. ಕಾಲ ಬುಡದಲ್ಲಿ ಬೆಂಕಿಯಿದೆಯೆಂಬುದನ್ನು ಆ ಎಣಿಕೆಯು ಮರೆಯಿಸಿತು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವನ್ನು ಹೆಸರಿಸದೆ ಮೂರ್ಛೆಯನ್ನೇ ಹೆಸರಿಸಿದ್ದು ಇದಕ್ಕಾಗಿ.

ಭಾದ್ರಪದ ಶುದ್ಧ ತ್ರಯೋದಶಿ, ದಶಲಕ್ಷಣ ಪರ್ವದ ಒಂಬತ್ತನೆಯ ದಿನ. ಉತ್ತಮ ಆಕಿಂಚನ್ಯದ ಪ್ರವಚನ ಮುಗಿದ ಮೇಲೆ ಆ ಶ್ರಾವಕನು ಪತ್ನಿಯೊಡನೆ ಚಾತುರ್ಮಾಸಕ್ಕೆ ಬಂದು ನೆಲೆಸಿದ್ದ ಮುನಿಗಳ ಬಳಿಗೆ ಹೋದನು. ನಮೋಸ್ತು ಮಾಡಿ ಕುಳಿತರು. ಸದ್ಧರ್ಮವೃದ್ಧಿರಸ್ತು ಎಂದು ಮುನಿಗಳು ಹರಸಿದರು.

“ಮಹಾರಾಜರೇ, ನಾಳೆ ಅನಂತ ಚತುರ್ದಶಿ. ಪರಿಗ್ರಹ ಪರಿಮಾಣ ವ್ರತವನ್ನು ದಯಪಾಲಿಸಬೇಕು. ಮೂರು ಮನೆಗಳೆಂದು ಮಿತಿ ಇಟ್ಟುಕೊಳ್ಳುತ್ತೇನೆ.”

“ಈಗ ಎಷ್ಟಿವೆ?”

“ಒಂದು, ಮಹಾರಾಜರೇ. ಮೇಲೆ ಬಾಡಿಗೆಗೆ ಎರಡು ಕೊಟ್ಟಿದ್ದೇವೆ.”

“ಹಾಗಾದರೆ ಇರುವುದು ಒಂದೋ, ಮೂರೋ?”

ಶ್ರಾವಕನು ಉತ್ತರ ಕೊಡಲಾರದೆ ಹೋದನು. ವ್ರತದ ಎಣಿಕೆಗೆ ಅದನ್ನು ಒಂದೆಂದು ಹಿಡಿದಿದ್ದನು. ಬಾಡಿಗೆಯ ಎಣಿಕೆಗೆ ಮೂರೆಂದು ಹಿಡಿದಿದ್ದನು. ಮುನಿಗಳು ಅದನ್ನು ಬೆಳೆಸಲಿಲ್ಲ. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧವುಂಟೇ ಎಂದು ಕೇಳಿದರು.

“ನನ್ನದು ಏಕಭುಕ್ತವಷ್ಟೆ. ಇವಳು ಉಪವಾಸ ಮಾಡುತ್ತಾಳೆ. ಅನಂತವ್ರತ ಹಿಡಿದು ಇದು ಹನ್ನೊಂದನೆಯ ವರ್ಷ.”

ಮುನಿಗಳು ಆಕೆಯ ಕಡೆಗೆ ತಿರುಗಿ, “ತಾಯಿ, ಆ ದಿನ ಮನೆಯ ಆರಂಭವೆಲ್ಲ ನಿಲ್ಲುತ್ತದೆಯೇ?” ಎಂದರು.

“ಅಡುಗೆ ನಿಲ್ಲುತ್ತದೆ ಮಹಾರಾಜರೇ, ನೀರು ನಿಲ್ಲುವುದಿಲ್ಲ. ನಲ್ಲಿ ಬಿಟ್ಟಾಗ ಸಂಪು ತುಂಬಿಸಿ ಮೋಟಾರು ಹಾಕಿ ಟ್ಯಾಂಕಿಗೆ ಹತ್ತಿಸಬೇಕು. ಮೇಲಿನ ಎರಡು ಮನೆಯವರೂ ನನ್ನನ್ನೇ ಕೂಗುತ್ತಾರೆ. ಹೋದ ಚತುರ್ದಶಿ ಜಪಕ್ಕೆ ಕುಳಿತವಳು ಮೂರು ಸಲ ಎದ್ದೆ.”

ಹನ್ನೊಂದು ವರ್ಷಗಳಲ್ಲಿ ಶ್ರಾವಕನು ಈ ಮಾತನ್ನು ಕೇಳಿರಲಿಲ್ಲ. ಆ ಹೊತ್ತಿನಲ್ಲಿ ಆತನು ಅಂಗಡಿಯಲ್ಲಿರುತ್ತಿದ್ದನು. ಮುನಿಗಳು ಆ ದಿನ ವ್ರತವನ್ನು ಕೊಡಲಿಲ್ಲ. ಇರುವ ವಸ್ತುಗಳ ಪಟ್ಟಿಯನ್ನೂ, ಪ್ರತಿಯೊಂದರ ಎದುರಿಗೆ ಅದನ್ನು ನೋಡಿಕೊಳ್ಳುವವರ ಹೆಸರನ್ನೂ ಬರೆದು ನಾಳೆ ತರಬೇಕೆಂದು ಹೇಳಿ ಸಾಮಾಯಿಕಕ್ಕೆ ಎದ್ದರು.

ಬಾಡಿಗೆಯ ಹಣವು ಕುಳಿತಲ್ಲಿಗೆ ಬರುತ್ತದೆಂದು ಲೋಕವು ಹೇಳುತ್ತದೆ. ಕುಳಿತಿರುವವನಿಗೆ ಹಾಗೆ ಕಾಣುವುದು ಸಹಜ. ಒಡೆದ ಕೊಳಾಯಿಗೆ ಕೆಲಸದವನನ್ನು ಹುಡುಕುವವರು, ರಾತ್ರಿ ಹನ್ನೊಂದಕ್ಕೆ ದೀಪ ಆರಿತೆಂದು ಬಂದ ದೂರವಾಣಿಗೆ ಓಗೊಡುವವರು, ಎರಡು ಮನೆಯವರ ಜಗಳದಲ್ಲಿ ನಡುವೆ ನಿಲ್ಲುವವರು, ಬಹುಮಟ್ಟಿಗೆ ಮನೆಯ ಹೆಂಗಸರೇ. ಪ್ರೋಷಧೋಪವಾಸದಲ್ಲಿ ನಾಲ್ಕು ಬಗೆಯ ಆಹಾರದೊಡನೆ ಆರಂಭವನ್ನೂ ಬಿಡಬೇಕೆಂದು ವಿಧಿಯಿದೆ. ಅನ್ನ ಬಿಟ್ಟು ಮೋಟಾರು ಬಿಡದ ಉಪವಾಸವು ಆಕೆಯ ದೋಷವೆಂದು ಯಾರು ಹೇಳಬಲ್ಲರು? ಪತಿಯ ಆಸ್ತಿಯು ಪತ್ನಿಯ ವ್ರತದ ಹೊತ್ತನ್ನು ತಿನ್ನುತ್ತಿದ್ದರೆ ಆ ಹೊತ್ತಿನ ಬೆಲೆಯನ್ನು ಯಾವ ಬ್ಯಾಂಕಿನ ಕಾಗದದಲ್ಲಿಯೂ ಬರೆದಿರುವುದಿಲ್ಲ.

ಮಿತಿಯನ್ನು ಇಟ್ಟುಕೊಂಡವನು ಅದನ್ನು ಬಾಯಲ್ಲಿ ಉಳಿಸಿಕೊಂಡು ಕೈಯಿಂದ ದಾಟುವ ದಾರಿಗಳನ್ನು ಆಶಾಧರರು ಹದಿಮೂರನೆಯ ಶತಮಾನದಲ್ಲಿಯೇ ಎಣಿಸಿಟ್ಟಿದ್ದಾರೆ. ಅವು ಐದು, ಇಂದಿನ ಮನೆ ವ್ಯವಹಾರವನ್ನು ಬಲ್ಲವರು ಅವನ್ನು ಓದಿದರೆ ಬೆರಗಾಗುವರು. ಮೊದಲನೆಯದು ಯೋಗ. ಒಂದೇ ಮನೆಯೆಂದು ವ್ರತ ತೊಟ್ಟವನು ಪಕ್ಕದ ಮನೆಯನ್ನು ಕೊಂಡು, ನಡುವಿನ ಗೋಡೆಯನ್ನು ಕೆಡವಿ, ಎರಡನ್ನೂ ಕೂಡಿಸಿ ಒಂದೆನ್ನುತ್ತಾನೆ. ಹೊಲವಾದರೆ ನಡುವಿನ ಬೇಲಿಯನ್ನು ಕೀಳುತ್ತಾನೆ. ಸಂಖ್ಯೆ ಉಳಿಯಿತು, ವ್ರತ ಮಾಸಿತು. ಇಂದು ಗೋಡೆಯನ್ನು ಪಕ್ಕಕ್ಕೆ ಕೆಡವಬೇಕಾಗಿಯೂ ಇಲ್ಲ. ಮೇಲಕ್ಕೆ ಮಹಡಿಗಳನ್ನು ಏರಿಸಿದರೆ ಸಾಕು, ನಗರಸಭೆಯ ಪುಸ್ತಕದಲ್ಲಿ ಸ್ವತ್ತಿನ ಸಂಖ್ಯೆ ಒಂದೇ.

ಎರಡನೆಯದು ಬಂಧನ. ಧಾನ್ಯದ ಮಿತಿ ತುಂಬಿದವನು ಹೆಚ್ಚಿನದಕ್ಕೆ ಮಾತುಕಟ್ಟಿ, ಮುಂಗಡ ಕೊಟ್ಟು, ವ್ರತದ ಅವಧಿ ಮುಗಿದ ಮೇಲೆ ಒಯ್ಯುವೆನೆಂದು ಮಾರುವವನ ಮನೆಯಲ್ಲಿಯೇ ಇರಿಸುತ್ತಾನೆ. ಕ್ರಯಪತ್ರ ಮಾಡಿಸದೆ ಕರಾರುಪತ್ರ ಮಾತ್ರ ಮಾಡಿಸಿಕೊಂಡು ನಿವೇಶನವನ್ನು ಹಿಡಿದಿಡುವವರು ಇದನ್ನೇ ಮಾಡುವರು. ಮೂರನೆಯದು ದಾನ, ಹೆಸರು ದಾನವಾದರೂ ಪುಣ್ಯದ ದಾನವಲ್ಲ. ಮಿತಿ ಮೀರಿದ ಚಿನ್ನ ಬೆಳ್ಳಿಯನ್ನು ಮತ್ತೊಬ್ಬನ ಕೈಗೆ ಕೊಟ್ಟಿಟ್ಟು ಆಮೇಲೆ ಹಿಂದಕ್ಕೆ ಪಡೆಯುವುದು. ಹೆಂಡತಿಯ ಹೆಸರಿನಲ್ಲಿ ಒಂದು, ಮಗನ ಹೆಸರಿನಲ್ಲಿ ಒಂದು, ಇನ್ನೂ ಶಾಲೆಗೆ ಹೋಗುವ ಮೊಮ್ಮಗಳ ಹೆಸರಿನಲ್ಲಿ ಒಂದು ಮನೆಯನ್ನು ಬರೆಯಿಸಿ, ಬಾಡಿಗೆಯನ್ನೆಲ್ಲ ತಾನೇ ವಸೂಲು ಮಾಡುವ ಯಜಮಾನರು ಈ ಮಾತನ್ನು ಎರಡು ಸಲ ಓದತಕ್ಕದ್ದು. ನಾಲ್ಕನೆಯದಾದ ಭಾವವು ಪಾತ್ರೆ ಪಡಗಗಳಿಗೆ ಸಂಬಂಧಿಸಿದ್ದು. ಹತ್ತು ಸಣ್ಣ ಪಾತ್ರೆಗಳನ್ನು ಕರಗಿಸಿ ಐದು ದೊಡ್ಡವನ್ನು ಮಾಡಿ ಸಂಖ್ಯೆಯನ್ನು ಉಳಿಸುವುದು.

ಐದನೆಯದು ಗರ್ಭ. ಹಸುಗಳ ಮಿತಿಯುಳ್ಳವನು ಗಬ್ಬದ ಹಸುವನ್ನು ಇಟ್ಟುಕೊಂಡು, ಹೊಟ್ಟೆಯೊಳಗಿನ ಕರು ಎಣಿಕೆಗೆ ಬಾರದೆನ್ನುತ್ತಾನೆ. ವ್ರತದ ಅವಧಿ ತೀರುವ ಹೊತ್ತಿಗೆ ಕರು ಹುಟ್ಟುವಂತೆ ನೋಡಿಕೊಳ್ಳುತ್ತಾನೆ. ಕಟ್ಟಡ ಇನ್ನೂ ಏಳುತ್ತಿರುವಾಗಲೇ ಫ್ಲಾಟಿಗೆ ಹಣ ಕಟ್ಟಿ, ಕೀಲಿ ಕೈಗೆ ಬರುವುದು ಮೂರು ವರ್ಷಗಳಾದ ಮೇಲೆ, ಆದುದರಿಂದ ಈಗ ಅದು ಮನೆಯೇ ಅಲ್ಲ ಎನ್ನುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಸಮಂತಭದ್ರರು ಎಣಿಸುವ ಅತಿಚಾರಗಳು ಬೇರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಸಂಖ್ಯೆಯನ್ನು ದಾಟದಿದ್ದರೂ ಮನಸ್ಸು ಹೇಗೆ ದಾಟುತ್ತದೆಂಬುದನ್ನು ಇವು ತೋರಿಸುತ್ತವೆ. ಎತ್ತು ನಡೆಯಬಲ್ಲುದಕ್ಕಿಂತ ಹೆಚ್ಚು ನಡೆಸುವುದು, ಹೊರಬಲ್ಲುದಕ್ಕಿಂತ ಹೆಚ್ಚು ಹೊರಿಸುವುದು ಎಂಬ ಮೊದಲ ಮತ್ತು ಕೊನೆಯ ಮಾತುಗಳನ್ನು ಬಾಡಿಗೆದಾರನ ವಿಷಯದಲ್ಲಿಯೂ ನೆನೆಯಬಹುದು. ವರ್ಷ ತಿರುಗಿದೊಡನೆ ಅವನ ಸಂಬಳ ಏರಿತೋ ಇಲ್ಲವೋ ನೋಡದೆ ಬಾಡಿಗೆಯನ್ನು ಏರಿಸುವುದುಂಟು. ಆದರೆ ಎಲ್ಲಕ್ಕಿಂತ ಸೂಕ್ಷ್ಮವಾದುದು ವಿಸ್ಮಯ. ತಾನು ಲಾಭಕ್ಕೇ ಮಾರಿದ ಅಥವಾ ಕೊಳ್ಳದೆ ಬಿಟ್ಟ ಸರಕಿನಿಂದ ಮತ್ತೊಬ್ಬನಿಗೆ ಅಧಿಕ ಲಾಭವಾದುದನ್ನು ಕಂಡು ಕೊರಗುವುದು ವಿಸ್ಮಯವೆಂದು ಟೀಕಾಕಾರರ ಅಭಿಪ್ರಾಯ. ಇಪ್ಪತ್ತು ವರ್ಷಗಳ ಹಿಂದೆ ಆ ಬಡಾವಣೆಯಲ್ಲಿ ನಿವೇಶನ ಸಿಗುತ್ತಿತ್ತು, ಕೊಳ್ಳಲಿಲ್ಲ ಎಂಬ ನಿಟ್ಟುಸಿರು ಮದುವೆಯ ಮನೆಗಳಲ್ಲಿ ಎಷ್ಟು ಸಲ ಕೇಳಿಬರುವುದಿಲ್ಲ! ಕೈಯಲ್ಲಿ ಇಲ್ಲದ ನಿವೇಶನವೂ ಪರಿಗ್ರಹವಾಗಬಲ್ಲದು.

ಬಾಡಿಗೆಯ ಮನೆಯಿಂದ ಮಿಕ್ಕ ವ್ರತಗಳಿಗೂ ಕಲೆ ತಗಲುವುದುಂಟು. ಮುಖ್ಯವಾದುದು ಮುಂಗಡದ ಹಣ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು ಬಹುಕಾಲದ ರೂಢಿ. ಕೇಂದ್ರ ಸರ್ಕಾರವು 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಹೇಳಿದೆ. ಹತ್ತಾಗಲಿ ಎರಡಾಗಲಿ, ಆ ಹಣವು ಬಾಡಿಗೆದಾರನದು. ಯಜಮಾನನಲ್ಲಿ ಇಟ್ಟದ್ದು ಮಾತ್ರ. ಇಟ್ಟ ನ್ಯಾಸವನ್ನು ಅಪಹರಿಸುವುದು ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದು. ಸತ್ಯಘೋಷನ ಕಥೆಯು ಇದೇ ಅಲ್ಲವೇ? ಸುಳ್ಳಾಡಿದರೆ ನಾಲಗೆಯನ್ನು ಕತ್ತರಿಸಿಕೊಳ್ಳುವೆನೆಂದು ಜನಿವಾರಕ್ಕೆ ಕತ್ತಿ ಕಟ್ಟಿಕೊಂಡಿದ್ದ ಆ ಪುರೋಹಿತನು, ವರ್ತಕನೊಬ್ಬನು ನಂಬಿ ಇಟ್ಟ ರತ್ನಗಳನ್ನು ಕೊಟ್ಟೇ ಇಲ್ಲವೆಂದನು. ರಾಣಿ ರಾಮದತ್ತೆಯು ಜೂಜಿನ ನೆವದಿಂದ ಅದನ್ನು ಹೊರಗೆಡಹಿದಳು. ಮನೆ ಬಿಡುವ ದಿನ ಗೋಡೆಯ ಮೊಳೆಯ ತೂತುಗಳನ್ನು ಎಣಿಸಿ, ಹಳೆಯ ಬಣ್ಣಕ್ಕೆ ಹೊಸ ಬಣ್ಣದ ಹಣವನ್ನು ಹಿಡಿದು, ಮುಂಗಡದಲ್ಲಿ ಅರ್ಧವನ್ನು ಉಳಿಸಿಕೊಳ್ಳುವವರ ಮನೆಯಲ್ಲಿ ಜೂಜಾಡಿ ಗೆಲ್ಲಲು ರಾಮದತ್ತೆ ಬರುವುದಿಲ್ಲ.

ಭೋಗ್ಯವು ಇನ್ನೂ ಭಾರವಾದುದು. ಬಾಡಿಗೆಯಿಲ್ಲ, ಬದಲಿಗೆ ಒಂದು ದೊಡ್ಡ ಗಂಟು. ಎರಡು ಮೂರು ವರ್ಷಗಳಾದ ಮೇಲೆ ಮನೆ ಬಿಡುವಾಗ ಗಂಟನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು. ಆ ಗಂಟನ್ನು ಬೇರೊಂದು ಮನೆಗೆ ಹಾಕಿದ ಯಜಮಾನನು ಅವಧಿ ಮುಗಿದಾಗ ಮತ್ತೊಬ್ಬ ಭೋಗ್ಯದಾರನನ್ನು ಹುಡುಕಿ ಅವನಿಂದ ತಂದು ಇವನಿಗೆ ಕೊಡುತ್ತಾನೆ. ಹೊಸಬನು ಸಿಗದಿದ್ದರೆ? ಬ್ಯಾಂಕಿನ ಸಾಲವೂ ಅದೇ ಮನೆಯ ಮೇಲಿದ್ದು ಕಂತು ತಪ್ಪಿದರೆ? ತುಮಕೂರಿನ ಆ ನಿರ್ವಾಹಕನಿಗೆ ಎಂಟು ಲಕ್ಷವೆಂದರೆ ಮಗಳ ಮದುವೆಗೆಂದು ಕೂಡಿಟ್ಟ ಅಷ್ಟೂ ಹಣ. ಮಗನ ಲೆಕ್ಕದಲ್ಲಿ ಅದು 16 ಲಕ್ಷದ ಅರ್ಧವೆಂದು ಮಾತ್ರ ಇತ್ತು.

ಇನ್ನುಳಿದವನ್ನು ಬೇಗನೆ ಹೇಳಬಹುದು. ಬಾಡಿಗೆದಾರನನ್ನು ಓಡಿಸಲು ನೀರನ್ನು ನಿಲ್ಲಿಸುವುದು ಅಹಿಂಸಾಣುವ್ರತದ ಅನ್ನಪಾನನಿರೋಧವೇ ಸರಿ. ಕೊಟ್ಟಿಗೆಯ ಪಶುವಿಗೆ ಸಲ್ಲದ್ದು ಮಹಡಿಯ ಮನುಷ್ಯನಿಗೆ ಸಲ್ಲುವುದೆಂತು? ತೆರಿಗೆಗೆಂದು ಒಂದು ಕರಾರು, ನಿಜಕ್ಕೆಂದು ಮತ್ತೊಂದು ಕರಾರು ಬರೆಯುವುದು ಕೂಟಲೇಖ. ವಿದ್ಯುತ್ತಿನ ಉಪಮೀಟರಿನಲ್ಲಿ ಇಲಾಖೆಯ ದರಕ್ಕಿಂತ ಹೆಚ್ಚು ಹಿಡಿಯುವುದು ಅಳತೆಯ ಮೋಸ. ಹೆಚ್ಚಿನ ಬಾಡಿಗೆಯ ಆಸೆಗೆ ಮಳಿಗೆಯನ್ನು ಮದ್ಯದಂಗಡಿಗೆ ಕೊಟ್ಟು, ಮಾರುವವನು ನಾನಲ್ಲವೆನ್ನುವುದು ಶ್ರಾವಕನಿಗೆ ಒಪ್ಪುವ ಮಾತಲ್ಲ. ಬಾಡಿಗೆದಾರರ ಆಹಾರದ ಪ್ರಶ್ನೆಯೂ ನಮ್ಮ ಮನೆಗಳಲ್ಲಿ ಏಳುತ್ತದೆ. ತನ್ನ ಸೂರಿನ ಕೆಳಗೆ ಮಾಂಸ ಬೇಯಬಾರದೆಂದು ಮೊದಲೇ ತಿಳಿಸಿ ಒಪ್ಪಿದವರಿಗೆ ಕೊಡುವುದು ತಪ್ಪಲ್ಲ. ಒಪ್ಪಿ ಬಂದವರ ಅಡುಗೆಮನೆಗೆ ಇಣುಕುವುದು, ಆಹಾರದ ನೆವದಲ್ಲಿ ಜಾತಿಯನ್ನು ಕೇಳಿ ಬಾಗಿಲು ಹಾಕುವುದು ಮಾತ್ರ ಅಹಿಂಸೆಯ ಯಾವ ಲಕ್ಷಣಕ್ಕೂ ಒಳಪಡುವುದಿಲ್ಲ.

ಮಿತಿಯನ್ನು ಯಾವುದರಿಂದ ಅಳೆಯಬೇಕೆಂಬ ಕಷ್ಟವೊಂದು ಉಳಿಯುತ್ತದೆ. ಹಿಂದೆ ಅನೇಕರು ಇಷ್ಟು ಸಾವಿರ ರೂಪಾಯಿ ಎಂದು ವ್ರತ ತೊಟ್ಟರು. ಅವರು ಏನನ್ನೂ ಕೊಳ್ಳದೆ ಸುಮ್ಮನಿದ್ದರೂ ಇದ್ದ ನಿವೇಶನದ ಬೆಲೆ ಏರಿ ಮಿತಿಯನ್ನು ದಾಟಿತು. ಅವರ ವ್ರತ ಮುರಿಯಿತೇ? ಬೆಲೆಯು ಪೇಟೆಯಲ್ಲಿದೆ, ಮೂರ್ಛೆಯು ಮನಸ್ಸಿನಲ್ಲಿದೆ, ಇವೆರಡನ್ನೂ ಬೆರೆಸಬಾರದು. ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಮತ್ತೊಂದು ಹೆಸರನ್ನು ಸಮಂತಭದ್ರರೇ ಕೊಟ್ಟಿದ್ದಾರೆ. ಮನೆ ನಿವೇಶನಗಳನ್ನು ಸಂಖ್ಯೆಯಿಂದಲೂ ವಿಸ್ತೀರ್ಣದಿಂದಲೂ ಅಳೆದು, ನಗದನ್ನು ಮಾತ್ರ ರೂಪಾಯಿಯಲ್ಲಿ ಹೇಳುವುದು ಇಂದಿನ ಕಾಲಕ್ಕೆ ಯುಕ್ತ. ಏರಿದ ಬೆಲೆಯನ್ನು ಅಡವಿಟ್ಟು ಮತ್ತೊಂದನ್ನು ಕೊಳ್ಳಬಾರದು. ಬಾಡಿಗೆಯಲ್ಲಿ ಮಿತಿಗೆ ಮೀರಿ ಉಳಿದದ್ದು ಚತುರ್ವಿಧ ದಾನಕ್ಕೆ ಸಲ್ಲಬೇಕು. ಇರುವುದು ಒಂದು ಮನೆಯಾಗಿ ಮಿತಿಯನ್ನು ಹತ್ತೆಂದು ಇಡುವವನೂ ಒಂದು ಬೇಲಿಯನ್ನು ಹಾಕಿದನೆಂಬುದು ನಿಜ, ಆದರೆ ಆ ಬೇಲಿಯು ಅವನ ಆಸೆಯಿಂದ ಬಹಳ ದೂರದಲ್ಲಿದೆ. ಮುಂದೆ ಎಂಟನೆಯ ಪ್ರತಿಮೆಯಲ್ಲಿ ಆರಂಭವನ್ನೂ ಒಂಬತ್ತನೆಯದರಲ್ಲಿ ಪರಿಗ್ರಹವನ್ನೂ ಹತ್ತನೆಯದರಲ್ಲಿ ಅನುಮತಿಯನ್ನೂ ಬಿಡಬೇಕಾದವನು, ಬಾಡಿಗೆ ಎಷ್ಟು ಏರಿಸಲಿ ಎಂದು ಮಗ ಕೇಳಿದರೆ ಬಾಯಿ ತೆರೆಯದಿರುವುದನ್ನು ಎಂದಾದರೂ ಕಲಿಯಲೇಬೇಕಷ್ಟೆ.

ತುಮಕೂರಿನ ದಂಪತಿಗಳು ಆ ರಾತ್ರಿ ಪಟ್ಟಿಯನ್ನು ಬರೆದರು. ಹದಿನೇಳು ಸಾಲುಗಳಾದವು. ಎದುರಿನಲ್ಲಿ ಬರೆದ ಹೆಸರು ಹದಿಮೂರು ಕಡೆ ಪತ್ನಿಯದು. ಮರುದಿನ ಮುನಿಗಳ ಸನ್ನಿಧಿಯಲ್ಲಿ ಶ್ರಾವಕನು ಇದ್ದ ಕಟ್ಟಡವನ್ನು ಮೂರು ಮನೆಗಳೆಂದೇ ಎಣಿಸಿ, ಮೂರನ್ನೇ ಮಿತಿಯೆಂದು ಇಟ್ಟುಕೊಂಡನು. ಪತ್ನಿ ಪುತ್ರರ ಹೆಸರುಗಳೂ ಆ ಎಣಿಕೆಯೊಳಗೇ ಸೇರಿದವು. ಬಾಡಿಗೆದಾರರ ಮುಂಗಡವನ್ನು ಬ್ಯಾಂಕಿನಲ್ಲಿ ಬೇರೆಯೇ ಇರಿಸತಕ್ಕದ್ದೆಂದೂ, ಅಷ್ಟಮಿ ಚತುರ್ದಶಿಗಳಲ್ಲಿ ಬಾಡಿಗೆಯ ಮಾತೆತ್ತಕೂಡದೆಂದೂ ನಿಯಮ ಮಾಡಿಕೊಂಡನು. ಮಗನಿಗೆ ಇದು ರುಚಿಸಲಿಲ್ಲ. ಎರಡು ತಿಂಗಳು ಆತನು ಊರಿಗೆ ಬರಲಿಲ್ಲ. ನೀರಿನ ವಿಷಯವನ್ನು ದಾದಿಯ ತಾಯಿಯೊಡನೆ ಮಾತನಾಡಿದಾಗ ಆ ಮುದುಕಿಯು, “ಇದನ್ನು ಮೊದಲೇ ಹೇಳಬಾರದಾಗಿತ್ತೇನಮ್ಮ, ಉಪವಾಸದ ದಿನ ನಾನೇ ಹಾಕುತ್ತಿದ್ದೆನಲ್ಲ” ಎಂದಳು.

ಪಕ್ಕದ ಮನೆಯನ್ನು ಬೇರೊಬ್ಬರು ಕೊಂಡು, ಹಳೆಯದನ್ನು ಕೆಡವಿ ಮೂರು ಮಹಡಿ ಏರಿಸಿದರು. ಶ್ರಾವಕನ ಅಂಗಳಕ್ಕೆ ಬೆಳಗಿನ ಬಿಸಿಲು ಈಗ ತಡವಾಗಿ ಬರುತ್ತದೆ. ಹನ್ನೆರಡನೆಯ ವರ್ಷದ ಅನಂತ ಚತುರ್ದಶಿಯಂದು ಪತ್ನಿಯು ಮೋಟಾರಿನ ಕೋಣೆಯ ಕೀಲಿಯನ್ನು ಮೇಲಿನ ಮನೆಗೆ ಕೊಟ್ಟು ಬಸದಿಗೆ ಹೋಗಿ, ಸಂಜೆಯವರೆಗೆ ಅಲ್ಲಿಯೇ ಇದ್ದಳು. ಆ ಪರ್ವಕ್ಕೆ ಬಂದಿದ್ದ ಮಗನು ಪಕ್ಕದ ಮನೆಯ ಬೆಲೆ ಈಗ ಎಷ್ಟಾಗಿದೆಯೆಂದು ಎರಡು ಸಲ ಹೇಳಿದನು. ಮೂರನೆಯ ಸಲ ಶ್ರಾವಕನೇ ಕೇಳಿದನು. ಕೇಳಿದ್ದನ್ನು ಆ ಸಂಜೆಯ ಪ್ರತಿಕ್ರಮಣದಲ್ಲಿ ಹೇಳಿಕೊಂಡನು.